ಜೈನಾಬಿಯ ಎರಡು ಬಳೆ

ಮೊದಲು ಖರ್ಚು ಹೇಳಿಬಿಡುತ್ತೇನೆ, ಶೇಖಬ್ಬಜ್ಜ. ಎರಡು ನೀರುದೋಣಿ ಮಾರಿದೆ. ಮಗಳ ಮದುವೆಗೆಂದು ಇಟ್ಟಿದ್ದ ಚಿನ್ನ ಹೋಯಿತು. ಅದು ಹೋಯಿತೆಂದು ಗೊತ್ತಾದ ಮೇಲೆ ಗಂಡಿನ ಕಡೆಯವರೂ ಹೋದರು. ನನ್ನ ತಮ್ಮ ಇಲ್ಯಾಸ್ ಮಾತು ಬಿಟ್ಟ. ಇಷ್ಟೆಲ್ಲ ನೀವು ಎದುರುಮನೆಯಿಂದ ಕೈಸಾಲ ತಂದ ಎರಡು ಬಳೆಗೆ.

ಈ ಕಾಗದವನ್ನು ನಿಮ್ಮ ಕಾಲಕ್ಕೆ ಹಿಂದೆ ಕಳಿಸುತ್ತಿರುವುದು ಹಿಜರಿ ೧೬೧೭ರ ಸಫರ್ ತಿಂಗಳಿನಿಂದ. ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕಕ್ಕೆ ೨೧೯೦. ನಾನು ಇದಿನಬ್ಬ, ನಿಮ್ಮ ಮೊಮ್ಮಗನ ಮೊಮ್ಮಗನ ಮಗ. ನನ್ನ ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆದರೆ ಕ್ಷಮಿಸಿ. ಉಪ್ಪುವಲಸೆಯಲ್ಲಿ, ಅಂದರೆ ಬಾವಿಗಳೆಲ್ಲ ಉಪ್ಪಾಗಿ ಕರಾವಳಿ ಖಾಲಿಯಾದ ಆ ವರ್ಷಗಳಲ್ಲಿ, ಮನೆಸಾಮಾನಿನ ಜೊತೆ ಎಷ್ಟೋ ಶಬ್ದಗಳೂ ಕಳೆದುಹೋದವು. ನಾವೀಗ ಗುಡ್ಡದ ಮೇಲಿದ್ದೇವೆ. ನಿಮ್ಮ ಓಣಿ ನೀರಿನಡಿ ಇದೆ. ಇಳಿತದ ದಿನ ಪಳ್ಳಿಯ ಮಿನಾರದ ತುದಿ ಕಾಣುತ್ತದೆ, ದೋಣಿಯವರು ಅದಕ್ಕೆ ಹಗ್ಗ ಕಟ್ಟುತ್ತಾರೆ. ನಾನು ದೋಣಿಯಲ್ಲಿ ಸಿಹಿನೀರು ಮಾರಿ ಮೇಲೆ ಬಂದವನು. ಕೊಡಕ್ಕೆ ಒಂದು ಲೋಟ ಕಡಿಮೆ ಅಳೆದಿದ್ದರೆ ಇನ್ನೂ ಮೇಲೆ ಬರುತ್ತಿದ್ದೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಜನಾಝ ನಮಾಝಿಗೆ ಮುಂಚೆ ಮಗ ಎದ್ದು ನಿಂತು, 'ತೀರಿಹೋದವರ ಮೇಲೆ ಸಾಲ ಇದ್ದರೆ ನನ್ನಲ್ಲಿ ಬನ್ನಿ, ಇಲ್ಲವೇ ಮಾಫಿ ಮಾಡಿ' ಎಂದು ಹೇಳುವ ಪದ್ಧತಿ ನಿಮಗೆ ಗೊತ್ತೇ ಇದೆ. ನಿಮ್ಮ ಕಾಲದಲ್ಲಿ ಅದನ್ನು ಕೇಳುತ್ತಿದ್ದದ್ದು ಎದುರು ನಿಂತ ಗಂಡಸರ ಸಾಲು ಮಾತ್ರ. ನಮ್ಮಲ್ಲಿ ಕೂಗುಗಂಬವಿದೆ, ಪಳ್ಳಿಯಲ್ಲಿ ಆಡಿದ ಮಾತನ್ನು ಒಂದೊಂದು ಅಡುಗೆಮನೆಗೂ ಮುಟ್ಟಿಸುವ ಕಂಬ. ನಾನೂ ಹಾಗೇ ಹೇಳಿದೆ. ಮಣ್ಣು ಹಾಕಿ ಬರುವಷ್ಟರಲ್ಲಿ ಮೈಮೂನಜ್ಜಿ ಎಂಬ ಮುದುಕಿ ನಮ್ಮ ಬಾಗಿಲಲ್ಲಿದ್ದಳು.

"ನೀನು ಶೇಖಬ್ಬನ ಕುಟುಂಬವಾ? ನಿಮ್ಮ ಮೇಲೆ ಎರಡು ಬಳೆ ಉಂಟು, ಮಾರಾಯ."

"ಯಾವಾಗಿನದ್ದು ಅಜ್ಜಿ?"

"ಶೇಖಬ್ಬ ಗೂಡ್ಸ್ ಆಟೋ ತೆಗೆದಾಗಿನದ್ದು. ನಮ್ಮ ಜೈನಾಬಿ ಕೈಯಿಂದ ಬಿಚ್ಚಿ ಕೊಟ್ಟದ್ದು. ನನ್ನ ಅಜ್ಜಿ ಹೇಳ್ತಿದ್ದಳು, ಅವಳಿಗೆ ಅವಳ ಅಜ್ಜಿ."

ಇಲ್ಯಾಸ್ ನಕ್ಕ. "ಅಷ್ಟು ವರ್ಷ ಎಂತಕ್ಕೆ ಸುಮ್ಮನಿದ್ರಿ?"

"ಸುಮ್ಮನೆ ಯಾರಿದ್ರು? ಶೇಖಬ್ಬ ಸತ್ತಾಗ ನಿಮ್ಮವರು ಕೇಳಿದ್ದು ಪಳ್ಳಿಯಲ್ಲಿ. ಜೈನಾಬಿ ನಿಮ್ಮದೇ ಮನೆಯ ಅಡುಗೆಕೋಣೆಯಲ್ಲಿ ಗಂಜಿ ಬೇಯಿಸ್ತಾ ಇದ್ದಳು. ಹೊರಗೆ ಎಲ್ಲರೂ ಸುಮ್ಮನಿದ್ರಲ್ಲ, ಸಾಲ ಇಲ್ಲ ಅಂತ ಆಯ್ತು. ಆಮೇಲೆ ಗಂಡ ಹೋದ ಹೆಂಗಸಿನ ಹತ್ರ ಬಳೆ ಕೇಳ್ಲಿಕ್ಕೆ ಅವಳಿಗೆ ಬಾಯಿ ಬರ್ಲಿಲ್ಲ."

ಕಾಗದವಿಲ್ಲ, ಸಾಕ್ಷಿಯಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ತು ಸಾಲವನ್ನು ಬರೆದಿಡಿ ಎನ್ನುತ್ತದೆ. ನೀವೂ ಜೈನಾಬಿಯೂ 'ನಮ್ಮೊಳಗೆ ಕಾಗದ ಎಂತಕ್ಕೆ' ಎಂದಿರಂತೆ. ಪಳ್ಳಿಯ ಧರ್ಮಗುರು ಖತೀಬರನ್ನು ಕೇಳಿದೆ. ನೀವು ಬಿಟ್ಟುಹೋದ ಆಸ್ತಿಯಲ್ಲಿ ಪಾಲು ಹಂಚುವ ಮುಂಚೆ ಈ ಸಾಲ ತೀರಬೇಕಿತ್ತು, ಈಗ ನನ್ನ ಮೇಲೆ ಹೊರೆಯಿಲ್ಲ ಎಂದರು. ಆದರೆ ಸಾಲ ತೀರುವವರೆಗೆ ಸತ್ತವನ ಆತ್ಮ ಅದಕ್ಕೆ ತೂಗಿಕೊಂಡಿರುತ್ತದೆ ಎಂಬ ಹದೀಸನ್ನೂ ಅವರೇ ಹೇಳಿದರು. ಇಲ್ಯಾಸ್ ಮೊದಲ ಮಾತು ಹಿಡಿದು ಮನೆಗೆ ಹೋದ. ನನಗೆ ಎರಡನೆಯದು ಅಂಟಿತು. ಆ ಆಟೋದಿಂದ ಮನೆ, ಮನೆಯಿಂದ ದೋಣಿ. ನಾನು ತಿಂದ ಅನ್ನದಲ್ಲಿ ಆ ಬಳೆಯಿತ್ತು.

ಪಡೆದದ್ದು ಚಿನ್ನವಾದರೆ ತೂಕಕ್ಕೆ ತೂಕ ಚಿನ್ನವನ್ನೇ ಕೊಡಬೇಕು. ನಮ್ಮಲ್ಲಿ ಚಿನ್ನ ಸಿಗುವುದು ನಿಮ್ಮ ಕಾಲದ ಫೋನು, ಯಂತ್ರಗಳನ್ನು ಕರಗಿಸಿದಾಗ ಮಾತ್ರ, ಸಾಸಿವೆಯಷ್ಟು ಸಾಸಿವೆಯಷ್ಟಾಗಿ. ಮಗಳದ್ದು ಸಾಲದೆ ಒಂದು ದೋಣಿ ಅದಕ್ಕೆ ಹೋಯಿತು. ಮೈಮೂನಜ್ಜಿ ಹೇಳಿದ ತೂಕಕ್ಕೆ ಬಳೆ ಮಾಡಿಸಿ ಅವಳ ಮುಂದಿಟ್ಟರೆ, ಮುಟ್ಟಲೇ ಇಲ್ಲ. "ನನ್ನ ಪಾಲಿನದ್ದು ಎಷ್ಟೋ ಅಷ್ಟು ಕೊಡು. ಉಳಿದವರದ್ದನ್ನು ತೆಗೊಳ್ಳಲಿಕ್ಕೂ ಮಾಫಿ ಮಾಡ್ಲಿಕ್ಕೂ ನಾನ್ಯಾರು?" ಜೈನಾಬಿಯ ವಾರಸುದಾರರನ್ನು ಹುಡುಕಲು ಎರಡನೆಯ ದೋಣಿ ಹೋಯಿತು. ಉಪ್ಪುವಲಸೆ ಅವರನ್ನು ಎಲ್ಲೆಲ್ಲಿಗೋ ಚೆಲ್ಲಿತ್ತು. ಕೆಲವರು ಬಾಗಿಲು ತೆರೆಯಲಿಲ್ಲ. ಬಳೆ ಕತ್ತರಿಸಿ ಸಿಕ್ಕವರಿಗೆ ಅವರವರ ಪಾಲು ಕೊಟ್ಟೆ, ಸಿಗದವರ ಪಾಲನ್ನು ಅವರ ಹೆಸರಿನಲ್ಲಿ ಬಡವರಿಗೆ ಕೊಟ್ಟೆ. ಖತೀಬರು 'ಆಗಬಹುದು' ಎಂದರು. 'ತೀರಿತು' ಎಂದು ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

ಅಜ್ಜ, ಈ ಕಾಗದ ಮುಟ್ಟುವ ಹೊತ್ತಿಗೆ ನೀವಿನ್ನೂ ಬದುಕಿದ್ದೀರಿ, ಜೈನಾಬಿ ಎದುರುಮನೆಯಲ್ಲಿದ್ದಾಳೆ. ಓಣಿ ದಾಟಿ. ಬಳೆ ಇದ್ದರೆ ಕೊಡಿ. ಇಲ್ಲದಿದ್ದರೆ ಇಲ್ಲವೆಂದು ಹೇಳಿ. ಕಷ್ಟದಲ್ಲಿರುವವನಿಗೆ ಗಡುವು ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಅವಳಿಗೂ ಗೊತ್ತು. ಆದರೆ ಅವಳನ್ನು ಕೇಳಬೇಕಲ್ಲ! ಅದೂ ಆಗದಿದ್ದರೆ ನಿಮ್ಮ ಹೆಂಡತಿಗಾದರೂ ಹೇಳಿಡಿ. ಪಳ್ಳಿಯ ಅಂಗಳದ ಮೌನವನ್ನು ರಶೀದಿ ಎಂದು ನಂಬಬೇಡಿ.

ಇನ್ನು ಲಾಭದ ಲೆಕ್ಕ. ನಿಮಗೆ ಒಂದು ಗೂಡ್ಸ್ ಆಟೋ, ಅದರ ಹಿಂದೆ ಒಂದು ಮನೆ. ಇಲ್ಯಾಸನಿಗೆ ಊರಲ್ಲಿ ಹೇಳಿ ನಗಲು ಒಬ್ಬ ಹುಚ್ಚಣ್ಣ. ಬಡವರಿಗೆ ಕೆಲವು ದಿನದ ಸಿಹಿನೀರು. ಮೈಮೂನಜ್ಜಿಗೆ ಅಕ್ಕಿಕಾಳಿನಷ್ಟು ಚಿನ್ನ. ನನ್ನ ಮಗಳಿಗೆ ಬರಿಗೈ. ಜೈನಾಬಿಗೆ, ಏನೂ ಇಲ್ಲ.