ಕುಂತದ್ದು ಯಾವುದು

ಚಿತ್ರದುರ್ಗ
೧೪-೨-೧೯೭೯, ಬುಧವಾರ

ಪ್ರೀತಿಯ ಉಗ್ರಪ್ಪ ಭಾವನವರ ಪಾದಕ್ಕೆ, ನಿಮ್ಮ ಹೆಂಡತಿ ಯಲ್ಲಕ್ಕನ ಖಾಸಾ ತಮ್ಮನಾದ ಚಿತ್ತಯ್ಯನ ನಮಸ್ಕಾರ. ಈಚೆಗೆ ನಿಮಗೆ ಮರೆವು ಹೆಚ್ಚಾಗಿದೆ ಎಂದು ಕೇಳಿದ್ದರಿಂದ ಸಂಬಂಧವನ್ನು ಬಿಡಿಸಿ ಬರೆದಿದ್ದೇನೆ.

ಕಾಲು ಹೇಗಿದೆ? ದಾವಣಗೆರೆಯ ಡಾಕ್ಟರು ಅದಕ್ಕೆ ಇಟ್ಟಿಗೆ ತೂಗುಹಾಕಿದ್ದಾರೆಂದು ಅಕ್ಕ ಹೇಳಿದಳು. ಹದಿನೈದು ವರ್ಷ ಗಣಿಯಲ್ಲಿ ಕಲ್ಲಿನ ಜೊತೆ ಸಂಸಾರ ಮಾಡಿದವರಿಗೆ ಆಸ್ಪತ್ರೆಯಲ್ಲೂ ಅದರ ನೆಂಟರು ಬಿಡಲಿಲ್ಲ. ಮುದ್ದೆ ಕೊಡದೆ ಬ್ರೆಡ್ಡು ಕೊಡುತ್ತಾರಂತೆ. "ಹತ್ತಿ ತಿಂದಂಗಾಗ್ತೈತೆ" ಅಂದಿರಂತೆ. ಹಾಲಿನಲ್ಲಿ ಅದ್ದಿಕೊಂಡು ತಿನ್ನಿ. ನಿದ್ದೆ ಬರುತ್ತದೆಯೇ? ನನ್ನನ್ನು ಕೇಳಬೇಡಿ.

ಇನ್ನು ಇಲ್ಲಿನ ಸಮಾಚಾರ. ನಮ್ಮ ಯಂತ್ರ ಮಹಾಶಯರು ಕ್ಷೇಮ. ದಿನಕ್ಕೆ ನಾಲ್ಕೈದು ಸಲ ನಿಲ್ಲುವ ವ್ರತವನ್ನು ಇನ್ನೂ ಬಿಟ್ಟಿಲ್ಲ. ಒಳಗೆ ಚಾವಣಿಯ ಬಂಡೆ ಎಷ್ಟು ಜಗ್ಗಿದೆ ಎಂದು ತಂತಿಯ ಮೂಲಕ ವಿಚಾರಿಸಿ ಐದು ನಿಮಿಷಕ್ಕೊಮ್ಮೆ ಅಂಕಿ ಬಡಿಯುವುದು ಅವರ ಕಸುಬು. ಆದರೆ ಆ ಕಸುಬು ಅವರ ತಲೆಯಲ್ಲಿಲ್ಲ, ತೂತು ಹೊಡೆದ ಹಳದಿ ಕಾಗದದ ಸುರುಳಿಯಲ್ಲಿದೆ. ಅದಕ್ಕೆ ಪ್ರೋಗ್ರಾಂ ಎಂದು ಹೆಸರು. ನಿಂತಾಗಲೆಲ್ಲ ಕಲಿತದ್ದಷ್ಟನ್ನೂ ಮರೆಯುತ್ತಾರೆ. ನಾನು ಸುರುಳಿಯನ್ನು ಮೊದಲಿನಿಂದ ಉಣಿಸಬೇಕು, ಇಪ್ಪತ್ತು ನಿಮಿಷ. ಬೊಂಬಾಯಿಯ ಎಂಜಿನಿಯರು ಬಂದು ಮೂರು ದಿನ ಕೋಳಿ ಸಾರು ಉಂಡು, ಗಣಿಯಲ್ಲಿ ಧೂಳಿದೆ ಎಂಬ ಮಹಾಸತ್ಯವನ್ನು ಬರೆದಿಟ್ಟು ಹೋದರು. ಆ ಇಪ್ಪತ್ತು ನಿಮಿಷದ ಅಂಕಿಗಳ ಗತಿ? ರಿಜಿಸ್ಟರಿನಲ್ಲಿ ಖಾಲಿ ಬಿಡಬೇಡಿ, ಹಿಂದಿನ ಅಂಕಿಯನ್ನೇ ಬರೆಯಿರಿ ಎಂದು ಮ್ಯಾನೇಜರ್ ಸಾಹೇಬರ ಅಪ್ಪಣೆ. ಹಾಗಾಗಿ ನಮ್ಮ ಬಂಡೆಯಷ್ಟು ಸ್ಥಿರಚಿತ್ತದ ಬಂಡೆ ಜೋಗಿಮಟ್ಟಿಯ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಯಂತ್ರಕ್ಕೆ ನಾಮಕರಣ ಮಾಡಿದವರು ನೀವೇ, ನೆನಪಿದೆಯೇ? ಮೊದಲ ವಾರ ನನ್ನ ಕೋಣೆಗೆ ಬಂದು ನೋಡಿ, "ಹೇರು ಹೊತ್ತ ಕತ್ತೆ ದಾರೀಲಿ ಕುಂತ್ಕಂಡಂಗೈತಲ್ಲಲೇ" ಅಂದಿರಿ. ಅಂದಿನಿಂದ ಕಂಪನಿಯಲ್ಲಿ ಅದು ನಿಲ್ಲುವುದಿಲ್ಲ, ಕೂರುತ್ತದೆ. ಯಂತ್ರ ನಡೆಯುತ್ತಿದೆ ಎಂದು ತೋರಿಸುವ, ಗಣಿಯೊಳಗೆ ನಿಮ್ಮ ಬಳಿಯ ಹಸಿರು ದೀಪ ಆರಿದರೆ ನೀವು ಫೋನಿನಲ್ಲಿ "ಕುಂತೈತೆ ಕಣಲೇ" ಎನ್ನುವುದು, ನಾನು "ಎಬ್ಬಿಸ್ತೀನಿ ಇರ್ರಿ ಭಾವ" ಎನ್ನುವುದು. ರಿಜಿಸ್ಟರಿನಲ್ಲೂ ಅಷ್ಟೇ: ಕೂತಿದೆ, ಎದ್ದಿದೆ. ದೇವಸ್ಥಾನದ ಮಂಗಳಾರತಿಯಂತೆ ದಿನವೂ ನಡೆಯುತ್ತಿತ್ತು.

ಅಪಘಾತದ ವಿಚಾರಣೆ ಬರುವ ಸೋಮವಾರ. ಸಾಹೇಬರ ವಾದ ಹೀಗಿದೆ: ಕಳೆದ ತಿಂಗಳು ಇಪ್ಪತ್ತೇಳರ ಶನಿವಾರ ಚಾವಣಿ ಜಗ್ಗಿದ್ದನ್ನು ಕಂಡ ಮೇಸ್ತ್ರಿ ಉಗ್ರಪ್ಪ ಮೊದಲು ಮೇಲಕ್ಕೆ ಫೋನು ಮಾಡಬೇಕಿತ್ತು. ಮಾಡಿದ್ದರೆ ಚಿತ್ತಯ್ಯ ಸೈರನ್ ಒತ್ತುತ್ತಿದ್ದ, ಎಲ್ಲರೂ ಹೊರಗೆ ಬರುತ್ತಿದ್ದರು. ಅದು ಬಿಟ್ಟು ತಾನೇ ಒಳಗೆ ಓಡಿದ. ತಾಳ್ಯದ ಗುಡ್ಡಪ್ಪನ ಪ್ರಾಣ ಹೋಯಿತು, ತನ್ನ ಕಾಲೂ ಮುರಿಯಿತು. ಚಾವಣಿಯ ಬಗ್ಗೆ ಫೋನು ಬಂದ ದಾಖಲೆ ಇಲ್ಲ. ಆ ಹೊತ್ತಿನ ಅಂಕಿಗಳೆಲ್ಲ ಸರಿಯಾಗಿವೆ, ಅಕ್ಷರ ಮುತ್ತಿನಂತಿದೆ ಎಂದು ನನ್ನ ಬೆನ್ನು ತಟ್ಟಿದರು. ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ.

ಮೊನ್ನೆ ಗುಡ್ಡಪ್ಪನ ಹೆಂಡತಿ ಬೊಮ್ಮಕ್ಕ ಅವನ ಬಟ್ಟೆಬರೆ ಒಯ್ಯಲು ಕ್ವಾರ್ಟರ್ಸಿಗೆ ಬಂದಿದ್ದಳು. ನಲ್ಲಿಯ ಹತ್ತಿರ ಎಲ್ಲರೆದುರು ಅಕ್ಕನಿಗೆ, "ನಿನ್ ಗಂಡ ಒಂದು ಫೋನ್ ಮಾಡಿದ್ರೆ ನನ್ ಮಕ್ಳಿಗೆ ಅಪ್ಪ ಇರೋನು ಕಣೇ" ಅಂದಳು. ಅಕ್ಕ ಕೊಡ ಅಲ್ಲೇ ಬಿಟ್ಟು ಬಂದು, "ನಿಮ್ ಭಾವ ಫೋನ್ ಮಾಡಿದ್ರೇನೋ ಚಿತ್ತ?" ಎಂದು ಕೇಳಿದಳು. ಯಂತ್ರ ಕುಂತಿತ್ತಕ್ಕ, ಅದರ ಗಡಿಬಿಡಿಯಲ್ಲಿದ್ದೆ ಎಂದೆ. ಅದು ಸುಳ್ಳಲ್ಲ. ಆಸ್ಪತ್ರೆಗೆ ಬಂದ ಗುಮಾಸ್ತನಿಗೆ ನೀವೂ "ನೆಪ್ಪಿಲ್ಲ ಸಾಮಿ" ಅಂದಿರಂತೆ. ಮುನ್ನೂರು ಕುರಿಯಲ್ಲಿ ತಪ್ಪಿದ ಒಂದನ್ನು ಕಿವಿಯ ಗುರುತಿನ ಸಮೇತ ಹೇಳುವ ಯಲ್ಲದಕೆರೆಯ ಉಗ್ರಪ್ಪನಿಗೆ ನೆಪ್ಪಿಲ್ಲ. ಯಾರನ್ನು ಕಾಯಲೆಂದು ಈ ಮರೆವು ಬಂತೋ ನನಗೆ ಗೊತ್ತು ಭಾವ.

ಮಕ್ಕಳು ಆರಾಮ. ಚಿಕ್ಕವಳು ನಿಮ್ಮ ಹೆಲ್ಮೆಟ್ಟಿನಲ್ಲಿ ಅವರೆಕಾಯಿ ಸುಲಿದಿಡುತ್ತಾಳೆ. ದೇವರು ಜುಂಜಪ್ಪ ನಿಮ್ಮ ಕಾಲನ್ನು ಬೇಗ ನೆಲಕ್ಕೆ ತಂದು ನಿಲ್ಲಿಸಲಿ.

ನೀವು ಮರೆತರೂ ನಿಮ್ಮವನೇ ಆದ,
ಚಿತ್ತಯ್ಯ

ಮತ್ತೆ: ಬರೆಯಲು ಕೂತದ್ದೇ ಇದಕ್ಕೆ, ಸುತ್ತಿ ಸುತ್ತಿ ಈಗ ಬಂದೆ. ನೀವು ಫೋನು ಮಾಡಿದಿರಿ. ಹನ್ನೊಂದು ಇಪ್ಪತ್ತಕ್ಕೆ. "ಚಿತ್ತ, ಕುಂತೈತಲೇ" ಅಂದಿರಿ. ತಿರುಗಿ ನೋಡಿದರೆ ಯಂತ್ರವೂ ಕೂತಿತ್ತು. ನಾನು ನಗುತ್ತಾ ಎಬ್ಬಿಸ್ತೀನಿ ಇರ್ರಿ ಎಂದು ಇಟ್ಟುಬಿಟ್ಟೆ. ನೀವು ಇನ್ನೂ ಏನೋ ಹೇಳುತ್ತಿದ್ದಿರಿ. ನಮ್ಮ ಕಡೆ ಕುಸಿದರೆ ಬಾವಿಯೂ ಕೂರುತ್ತದೆ, ಗೋಡೆಯೂ ಕೂರುತ್ತದೆ, ಬಂಡೆಯೂ ಕೂರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಸೈರನ್ ಗುಂಡಿ ಮೊಳ ದೂರದಲ್ಲಿತ್ತು. ಸೈರನ್ ಆಗಲಿಲ್ಲವೆಂದೇ ನೀವು ಒಳಗೆ ಓಡಿದಿರಿ. ನಾನು ಸುರುಳಿ ಉಣಿಸುತ್ತಿದ್ದೆ. ಯಂತ್ರ ಎದ್ದು ಸೊನ್ನೆ ಬಡಿಯಿತು. ಒಳಗೆ ತಂತಿಯೇ ಹರಿದಿದೆ ಎಂದು ತಿಳಿಯದೆ, ಮತ್ತೆ ತಪ್ಪು ಹೇಳುತ್ತಿದೆ ಎಂದುಕೊಂಡು ಹಿಂದಿನ ಅಂಕಿ ಬರೆದೆ, ಮುತ್ತಿನಂಥ ಅಕ್ಷರದಲ್ಲಿ. ರಿಜಿಸ್ಟರಿನಲ್ಲಿ "೧೧-೨೦, ಮೇಸ್ತ್ರಿ ಫೋನು, ಕೂತಿದೆ" ಎಂದು ನಾನೇ ಬರೆದದ್ದಿದೆ. ಸಾಹೇಬರು ಅದನ್ನು ಯಂತ್ರ ಎಂದು ಓದಿದ್ದಾರೆ. ಕೂತದ್ದು ಯಾವುದೆಂದು ಸೋಮವಾರ ಹೇಳುತ್ತೇನೆ. ನಿಮ್ಮನ್ನು ಇನ್ನೊಮ್ಮೆ ಕೇಳಿದರೆ ನೆಪ್ಪಿಲ್ಲ ಅನ್ನಬೇಡಿ, ಕೈ ಮುಗಿಯುತ್ತೇನೆ. ಅಕ್ಕನಿಗೆ ಈಗಷ್ಟೇ ಹೇಳಿದೆ. ಅವಳು ರೊಟ್ಟಿ ಕಟ್ಟಿ ಕೈಗೆ ಕೊಟ್ಟು ಒಳಗೆ ಹೋದಳು. ತಾಳ್ಯದ ಬಸ್ಸಿಗೆ ಹೊತ್ತಾಯಿತು. ಬೊಮ್ಮಕ್ಕನಿಗೆ ಇದು ಬೇರೆಯವರ ಬಾಯಿಂದ ಗೊತ್ತಾಗಬಾರದು.