ಗುಲಾಬಿ ದಿನದ ಭಾಷಣ

ಅಕ್ಟೋಬರ್ ೧೪, ಮಂಗಳವಾರ

ನನ್ನ ಮುದ್ದು ತಂಗೀ,

ಇಷ್ಟುದ್ದ ಕಾಗದ ನೋಡಿ ಗಾಬರಿಯಾಗಬೇಡ. ಗುಬ್ಬಿ ಹುಷಾರಾಗಿದ್ದಾಳೆ, ಸ್ಕೂಲಿಗೂ ಹೋಗುತ್ತಿದ್ದಾಳೆ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಮಾತು ತಿರುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಇಷ್ಟು: ನೀನು ಹೋಗಿರುವುದು ಆಫೀಸಿನ ಟ್ರೈನಿಂಗಿಗಲ್ಲ, ಆಸ್ಪತ್ರೆಗೆ ಎಂದು ನಿನ್ನ ಮಗಳಿಗೆ ಗೊತ್ತಾಗಿದೆ. ಗೊತ್ತಾದದ್ದು ನನ್ನ ಬಾಯಿಂದ.

ಮೊನ್ನೆ ಶುಕ್ರವಾರ ನಮ್ಮ ಸ್ಕೂಲಿನಲ್ಲಿ ಸ್ತನ ಕ್ಯಾನ್ಸರ್ ಜಾಗೃತಿ ದಿನ. ಜಾಗೃತಿಯಂತೆ! ಗೇಟಿನಿಂದ ಸ್ಟಾಫ್ ರೂಮಿನವರೆಗೆ ಗುಲಾಬಿ ಬಲೂನು, ಗುಲಾಬಿ ರಿಬ್ಬನ್ನು. ಪಿ.ಟಿ. ಮೇಷ್ಟ್ರು ಗುಲಾಬಿ ಟೈ ಕಟ್ಟಿಕೊಂಡು ಮದುಮಗನ ಹಾಗೆ ಓಡಾಡುತ್ತಿದ್ದರು. ಕಾಯಿಲೆಯ ಹೆಸರು ಮಾತ್ರ ಎಲ್ಲೂ ಇಲ್ಲ. ಹೆಡ್ ಮೇಡಂ ಹಿಂದಿನ ದಿನವೇ ಪೋಸ್ಟರುಗಳನ್ನೆಲ್ಲ ತರಿಸಿಕೊಂಡು, "ಮಕ್ಕಳ ಮುಂದೆ ಆ ಪದ ಯಾಕ್ರೀ? ಹೆಂಗಸರ ಕಾಯಿಲೆ ಅಂತ ಬರೀರಿ, ಸಾಕು" ಎಂದು 'ಸ್ತನ' ಎಂದಿದ್ದಲ್ಲೆಲ್ಲ ಗುಲಾಬಿ ಕಾಗದ ಅಂಟಿಸಿದ್ದರು. ಗಂಟಿದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ಹೇಗೆಂದು ಬಯಾಲಜಿ ಟೀಚರ್ ಬರೆದ ಚಾರ್ಟು ಗೋಡೆಗೆ ಮುಖ ಮಾಡಿ ನಿಂತಿತ್ತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಇದು ಬಂದಿದೆ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದಳು. ಅಷ್ಟು ಜನರಲ್ಲಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳಿಗೇ. "ಆಮೇಲೆ, ಆಮೇಲೆ. ಕೇಕಿನ ಕ್ರೀಮ್ ಕರಗ್ತಾ ಇದೆ" ಎಂದು ಕೂರಿಸಿಬಿಟ್ಟರು.

ಇನ್ನು ಡಬ್ಬಿಗಳ ಕಥೆ. ದೇಣಿಗೆಗೆ ಕ್ಲಾಸಿಗೊಂದು ಡಬ್ಬಿ. ಯಾವ ಡಬ್ಬಿ ಹೆಚ್ಚು ಭಾರವೋ ಆ ಕ್ಲಾಸಿಗೆ ಒಂದು ವಾರ ಹೋಂವರ್ಕ್ ಇಲ್ಲ. ಕ್ಯಾಂಟೀನಿನ ತಕ್ಕಡಿ ತಂದು ಎಲ್ಲರೆದುರು ತೂಗುವುದು! ನನ್ನ ಏಳನೇ ಕ್ಲಾಸಿನ ಡಬ್ಬಿ ಬರೀ ಗಲಗಲ ಎನ್ನುತ್ತಿತ್ತು. ಕ್ಲಾಸ್ ಟೀಚರುಗಳು ಎರಡು ಮಾತಾಡಿ ಮನಸ್ಸು ಕರಗಿಸಬಹುದು ಎಂದು ಹೆಡ್ ಮೇಡಂ ನನ್ನ ಕೈಗೆ ಮೈಕ್ ತುರುಕಿದರು. ನಾನೇನು ಮಾಡಲಿ ಹೇಳು? ನನಗೆ ಗೊತ್ತಿರುವ ಒಬ್ಬ ತಾಯಿ ಎಂದು ಶುರುಮಾಡಿದೆ. ಆಣೆಗೂ ನಿನ್ನ ಹೆಸರು ಎತ್ತಲಿಲ್ಲ. ಉದುರಿದ ಕೂದಲನ್ನು ನೀನು ಕವರಿನಲ್ಲಿ ಕಟ್ಟಿ ಮನೆಯ ಬೀರುವಿನಲ್ಲಿಟ್ಟದ್ದು ಹೇಳಿದೆ. ಆ ತಾಯಿ ತನ್ನ ಮಗಳಿಗೆ ಟ್ರೈನಿಂಗ್ ಎಂದು ಸುಳ್ಳು ಹೇಳಿ ಹೋಗಿದ್ದಾಳೆ, ದಿನಾ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಇವತ್ತು ಏನೇನು ಕಲಿಸಿದರು ಎಂದು ಫೋನಿನಲ್ಲಿ ಕಥೆ ಕಟ್ಟುತ್ತಾಳೆ ಎಂದೆ. ಗುಬ್ಬಿಯ ಆರನೇ ಕ್ಲಾಸಿನವರು ಆಗಲೇ ಆಟಕ್ಕೆ ಹೋಗಿದ್ದಾರೆಂದು ತಿಳಿದಿದ್ದೆ.

ಗುಬ್ಬಿ ಅಳಲಿಲ್ಲ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆಮೇಲೆ ಸಾಲಿನಲ್ಲಿ ಬಂದು, ತನ್ನ ಕ್ಲಾಸಿನ ಡಬ್ಬಿ ಬಿಟ್ಟು, ನನ್ನ ಡಬ್ಬಿಗೆ ಬಸ್ಸಿನ ಚಿಲ್ಲರೆ ಹಾಕಿದಳು. ನನ್ನ ಮುಖ ನೋಡಲಿಲ್ಲ.

ನಮ್ಮ ಡಬ್ಬಿ ಗೆದ್ದಿತು. ಹೆಡ್ ಮೇಡಂ ಓಡಿಬಂದು ನನ್ನನ್ನು ತಬ್ಬಿಕೊಂಡು, "ಸೂಪರ್ ಕಣ್ರೀ! ಆ ತಾಯಿ ಮುಂದಿನ ವರ್ಷ ಇದ್ರೆ ಸ್ಟೇಜಿಗೇ ಕರೆಸೋಣ" ಎಂದರು. ಇದ್ರೆ! ಆ ಹೆಂಗಸಿನ ಸೆಂಟಿನ ವಾಸನೆ ಮೈಗೆ ಅಂಟಿತ್ತು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಅಸಹ್ಯ ಹೋಗಲಿಲ್ಲ.

ಆವತ್ತು ಸಂಜೆ ಗುಬ್ಬಿ ಆಡಿದ್ದು ಒಂದೇ ಮಾತು: "ನಂಗೆ ಗೊತ್ತಾಯ್ತು ಅಂತ ಅಮ್ಮಂಗೆ ಹೇಳ್ಬೇಡ ದೊಡ್ಡಮ್ಮ. ಪಾಪ, ಅವಳು ಅಷ್ಟು ಕಷ್ಟಪಟ್ಟು ಕಥೆ ಹೇಳ್ತಾಳೆ." ನಾಲ್ಕು ದಿನದಿಂದ ನೀನು ಫೋನ್ ಮಾಡಿದಾಗ, ಇವತ್ತು ಏನು ಕಲಿಸಿದರು ಎಂದು ನಗುನಗುತ್ತಾ ಕೇಳುತ್ತಾಳಲ್ಲ, ನಿನಗೆ ಕೇಳಿಸುವುದು ಅಷ್ಟೇ. ಫೋನ್ ಇಟ್ಟಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಬಹಳ ಹೊತ್ತು ನೀರು ಬೀಳುತ್ತಿರುತ್ತದೆ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತದೆ.

ಹೇಳುವುದಿಲ್ಲ ಎಂದು ಅವಳಿಗೆ ಕೊಟ್ಟ ಮಾತನ್ನೂ ಈಗ ಮುರಿದಿದ್ದೇನೆ. ಹನ್ನೊಂದು ವರ್ಷದ ಮಗು ನಿನಗೋಸ್ಕರ ನಾಟಕ ಆಡುವುದನ್ನು ನೋಡುತ್ತಾ ಕೂರಲು ನನ್ನಿಂದಾಗದು. ಭಾನುವಾರ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತೇನೆ. ಕಾಯಿಲೆಯ ಹೆಸರು, ಅದು ಎಲ್ಲಿದೆ, ಡಾಕ್ಟರು ಏನಂದರು, ಎಲ್ಲವನ್ನೂ ನೀನೇ ಹೇಳು. ನನ್ನನ್ನು ಬೈಯುವುದಿದ್ದರೆ ಅವಳೆದುರಿಗೇ ಬೈಯಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆರನೇ ಕ್ಲಾಸಿನವರು ಸಭಾಂಗಣದಲ್ಲೇ ಇದ್ದರು, ನನಗೆ ಗೊತ್ತಿತ್ತು. ಕೂದಲಿನ ಮಾತು ಬಂದಾಗಲೇ ಗುಬ್ಬಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಅಷ್ಟರಲ್ಲಿ ಮುಂದೆ ಕೂತವರು ಕಣ್ಣೊರೆಸಿಕೊಳ್ಳತೊಡಗಿದ್ದರು. ಟ್ರೈನಿಂಗಿನ ವಿಷಯ ಹೇಳಿದ್ದು ಅದಾದ ಮೇಲೆ.