ಕಲ್ಲು ದಾಟಿದ ಮೇಲೆ

ಪುರಸಭೆಯ ಮಾನ್ಯರೇ, ಗಡಿಯೊಳಗಿನ ಗಣ್ಯರೇ,

ಗಡಿಕಲ್ಲಿನ ಆಚೆಯ ತಗಡಿನ ಮನೆಗಳ ನಮಸ್ಕಾರ. ನಮ್ಮಲ್ಲಿಗೆ ನಿಮ್ಮ ನಲ್ಲಿ ಬಂದಿಲ್ಲ, ಬೀದಿದೀಪ ಬಂದಿಲ್ಲ. ಚರಂಡಿ ಮಾತ್ರ ಕಲ್ಲು ದಾಟಿ ನಮ್ಮ ಬಾವಿಯವರೆಗೂ ತಪ್ಪದೆ ಬರುತ್ತಿದೆ. ಆಂಬುಲೆನ್ಸ್ ಕಲ್ಲಿನ ಬಳಿಯೇ ನಿಲ್ಲುವುದರಿಂದ, ಮನೆಯ ಬಾಗಿಲು ಕಳಚಿ, ಕಾಯಿಲೆಯವರನ್ನು ಅದರ ಮೇಲೆ ಹೊತ್ತು ತರುವುದು ನಮ್ಮ ವಾಡಿಕೆ.

ನಿನ್ನೆ ವಾಂತಿಭೇದಿಯಾದ ಹೆಂಗಸೊಬ್ಬಳನ್ನು ಹಾಗೆಯೇ ತಂದೆವು. ಡ್ರೈವರ್ ಕೈ ಹಿಡಿದು ನೋಡಿ, "ಹೋಗ್ಬಿಟ್ಟಿದ್ದಾರಲ್ಲಣ್ಣ, ಹೆಣ ಹತ್ತಿಸೋ ಹಾಗಿಲ್ಲ" ಎಂದ. ನಿಮ್ಮ ಸ್ಮಶಾನದ ಕಾವಲುಗಾರ, "ಗಡಿಯಾಚೆ ಸತ್ತೋರಿಗೆ ಇಲ್ಲಿ ಜಾಗ ಇಲ್ಲ" ಎಂದ. ಆಕೆ ಸತ್ತಿದ್ದು ಕಲ್ಲು ದಾಟಿದ ಮೇಲೆಯೇ ಎಂದು ಬರೆದುಕೊಟ್ಟು, ಮಣ್ಣು ಮಾಡಲು ದಯವಿಟ್ಟು ಜಾಗ ಕೊಡಿಸಬೇಕು.

ಇತಿ,
ಅಧ್ಯಕ್ಷ, ನಿವಾಸಿಗಳ ಸಂಘ

ಸಂಘ ಗಿಂಘ ಏನೂ ಇಲ್ಲ ಸ್ವಾಮಿ. ಅವಳು ನನ್ನ ಹೆಂಡತಿ. ಮನೆಯಲ್ಲೇ ಸತ್ತಿದ್ದಳು. ಗೊತ್ತಿದ್ದೇ ಹೊತ್ತೆ.